ಯಾರ ಎಡ?

ಸೈಕಲ್ ಅಂಗಡಿ,
ಉದ್ಯಾನದ ಕೆಳಗೇಟು.
ತಾರೀಕು ೯, ಸೋಮವಾರ

ಗಾಳಿ,

ನಿನ್ನ ಅಡ್ಡಹೆಸರೇ ಕಾಗದಕ್ಕೂ ಬಂತು, ಇರಲಿ. ಪತ್ರ ಬರೆಯುವುದು ನನ್ನ ಕೆಲಸವಲ್ಲ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳನ್ನು ಈ ವಯಸ್ಸಿನಲ್ಲಿ ಪೆನ್ನು ಹಿಡಿಸಿ ಕೂರಿಸಿದ್ದೀಯ. ಪಾನಾ ಹಿಡಿದು ನಟ್ಟು ಬಿಗಿದು ಬಿಗಿದು ಬೆರಳು ಬಾಗಿವೆ, ಅಕ್ಷರ ಹೇಗೆ ಬಂದರೆ ಹಾಗೆ ಓದಿಕೋ. ಮೂರು ಸಲ ಫೋನ್ ಮಾಡಿದೆ, ತೆಗೆಯಲಿಲ್ಲ. ಅತ್ತೆ ಏನು ಹೇಳುವುದಿದ್ದರೂ ಬರೆದು ಕೊಡಲಿ, ಬಾಯಲ್ಲಿ ಹೇಳಿದ್ದನ್ನು ಆಮೇಲೆ ಇಲ್ಲ ಅನ್ನುತ್ತಾರೆ ಅಂತ ನಿನ್ನ ಗಂಡನ ಹತ್ತಿರ ಹೇಳಿ ಕಳಿಸಿದ್ದೀಯ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ನನ್ನ ಕಾಲ ಯಾವಾಗ ಬಂತು, ಯಾವಾಗ ಹೋಯಿತು ನನಗೆ ತಿಳಿಯಲಿಲ್ಲ. ಆಗ ನಾನು ಪಂಕ್ಚರ್ ಹಾಕುತ್ತಿದ್ದೆ ಅಂತ ಕಾಣುತ್ತೆ.

ನೀನು ಕೇಳಿದ್ದು ಒಂದೇ ಪ್ರಶ್ನೆ. ಆ ಶನಿವಾರ ಸಂಜೆ ಅಂಗಡಿಯ ಸ್ಲೇಟಿನ ಮೇಲೆ ನೀನು ಕೊನೆಗೆ ಬರೆದಿಟ್ಟು ಹೋದದ್ದನ್ನು ಅತ್ತೆ ನೋಡಿದರಾ, ಇಲ್ಲವಾ. ಹೌದು ಅಥವಾ ಇಲ್ಲ, ಅಷ್ಟು ಸಾಕು ಅಂದೆಯಂತೆ. ಅದಕ್ಕೆ ಬರುತ್ತೇನೆ, ಅವಸರ ಮಾಡಬೇಡ. ಮೊದಲು ಇಲ್ಲಿಯ ಸುದ್ದಿ ಕೇಳು.

ಕಾಡಿನ ಇಳಿಜಾರು ದಾರಿಗೆ ಇನ್ನೂ ಅಡ್ಡಗಂಬ ಹಾಕಿದ್ದಾರೆ. ಕಣಿವೆಯ ಟಾರು ರಸ್ತೆ ಮಾತ್ರ ತೆರೆದಿದೆ. ರಸ್ತೆ ಸೈಕಲ್ಲಿನ ತೆಳು ಚಕ್ರದವರು ಬರುತ್ತಾರೆ, ಗಾಳಿ ತುಂಬಿಸಿಕೊಳ್ಳುತ್ತಾರೆ, ಅಕ್ಕ ಎಲ್ಲಿ ಅಂತ ನಿನ್ನ ಬಗ್ಗೆ ಕೇಳುತ್ತಾರೆ, ಹೋಗುತ್ತಾರೆ. ನಾನು ಊರಿಗೆ ಹೋಗಿದ್ದಾಳೆ ಅನ್ನುತ್ತೇನೆ. ನಿನ್ನ ಸೈಕಲ್ ಗೋಡೆಗೆ ನೇತು ಹಾಕಿದಲ್ಲೇ ಇದೆ. ಹಿಂದಿನ ಚಕ್ರ ಇಳಿದುಹೋಗಿದೆ. ನಾನು ತುಂಬಿಸಿಲ್ಲ. ತುಂಬಿಸಿದರೆ ನೀನು ಬರುವುದಿಲ್ಲ ಅಂತ ಒಂದು ಹುಚ್ಚು ಯೋಚನೆ.

ಮೊನ್ನೆ ರೇಂಜರ್ ನೋಟೀಸು ತಂದುಕೊಟ್ಟ. ಹದಿನಾರನೇ ತಾರೀಕು ಹನ್ನೊಂದು ಗಂಟೆಗೆ ಉದ್ಯಾನದ ಕಚೇರಿಯಲ್ಲಿ ಎರಡನೇ ವಿಚಾರಣೆ. ಅದೇ ಕೊನೆಯದು. ನೀನು ಬರದಿದ್ದರೆ ನಿನ್ನ ಮಾರ್ಗದರ್ಶಿ ಬಿಲ್ಲೆ ವಾಪಸು. ಆರು ತಿಂಗಳಿಗಲ್ಲ, ವರ್ಷಕ್ಕಲ್ಲ, ಜನ್ಮಕ್ಕೆ. ಈ ಬೆಟ್ಟದಲ್ಲಿ ಮತ್ತೆ ಒಬ್ಬರನ್ನೂ ನೀನು ಹತ್ತಿಸಲೂ ಆಗದು, ಇಳಿಸಲೂ ಆಗದು. ರೇಂಜರ್ ನನ್ನ ಮುಖ ನೋಡದೆ ಹೇಳಿದ. ನೋಟೀಸಿನ ಮೇಲೆ ಸಹಿ ಹಾಕಮ್ಮ ಅಂದ. ಹಾಕಿದೆ.

ಆ ದಿನದ ಮಾತಿಗೆ ಬರೋಣ. ಇಳಿಜಾರಿನಲ್ಲಿ ಬಿದ್ದ ಡಾಕ್ಟರಮ್ಮನಿಗೆ ಜೀವಕ್ಕೆ ಅಪಾಯವಿಲ್ಲ. ಹೆಗಲ ಮೂಳೆಗೆ ಕಬ್ಬಿಣ ಹಾಕಿದ್ದಾರೆ, ದವಡೆ ಕಟ್ಟಿದ್ದಾರೆ. ಊರವರ ಹಲ್ಲು ಕೀಳುವವರ ಹಲ್ಲೇ ಎರಡು ಹೋಗಿವೆ. ಇದನ್ನು ನಾನು ತಮಾಷೆಗೆ ಬರೆದೆ ಅಂದುಕೊಳ್ಳಬೇಡ. ಮೊದಲು ಅವರೇ ತಮಾಷೆ ಮಾಡಿದ್ದು. ನಾನು ಆಸ್ಪತ್ರೆಗೆ ಹೋಗಿದ್ದೆ. ಮಾತಾಡಲು ಬಾಯಿ ತೆರೆಯುವುದಿಲ್ಲ, ಮಗ್ಗುಲಲ್ಲಿ ಒಂದು ಪುಸ್ತಕ ಇಟ್ಟುಕೊಂಡು ಎಡಗೈಯಲ್ಲಿ ಗೀಚಿ ತೋರಿಸುತ್ತಾರೆ. ಹಲ್ಲಿನ ವಿಷಯ ಬರೆದು ಕಣ್ಣಲ್ಲೇ ನಕ್ಕರು. ಆಮೇಲೆ ಇನ್ನೊಂದು ಹಾಳೆ ತಿರುವಿ, ಅವಳು ಸೈಕಲ್ ಹೊಡೆಯುತ್ತಿದ್ದಾಳಾ ಅಂತ ಬರೆದರು. ಮೂರು ವರ್ಷದ ಹಿಂದೆ ಅವರಿಗೆ ಇಳಿಜಾರು ಕಲಿಸಿದವಳು ನೀನಲ್ಲವಾ, ಆ ನೆನಪು. ನಾನು ಹೌದು, ದಿನಾ ಹೊಡೆಯುತ್ತಾಳೆ ಅಂದೆ. ನೀನು ನಿನ್ನ ಅಕ್ಕನ ಮನೆಯ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಾ ದಿನ ನೂಕುತ್ತಿದ್ದೀಯ ಅಂತ ಹೇಳಲು ನಾಲಿಗೆ ಬರಲಿಲ್ಲ.

ವಿಚಾರಣೆ ಅಧಿಕಾರಿಗೆ ಗೊತ್ತಿರುವುದು ಇಷ್ಟು. ನಮ್ಮ ಬಾಡಿಗೆಯ ಏಳನೇ ನಂಬರ್ ಸೈಕಲ್. ನಾಲ್ಕನೇ ತಿರುವಿನಲ್ಲಿ ಮುಂದಿನ ಬ್ರೇಕಿನ ತಂತಿ ಕಡಿಯಿತು. ಹಿಂದಿನ ಬ್ರೇಕ್ ಒಂದರಿಂದ ಆ ಜಲ್ಲಿಯಲ್ಲಿ ಚಕ್ರ ನಿಲ್ಲುವುದಿಲ್ಲ, ಜಾರುತ್ತೆ. ಜಾರಿತು. ಹಿಂದಿನ ಬ್ರೇಕಿನ ತಂತಿ ಹೊಚ್ಚ ಹೊಸದು, ಮುನ್ನಾದಿನ ಸಂಜೆ ನೀನು ಹಾಕಿದ್ದು. ಹಾಗಾದರೆ ಕೆಟ್ಟದ್ದನ್ನು ಬಿಟ್ಟು ಚೆನ್ನಾಗಿದ್ದನ್ನು ಯಾಕೆ ಬದಲಿಸಿದಳು ಅಂತ ಅವನ ಪ್ರಶ್ನೆ. ಸ್ಲೇಟಿನಲ್ಲಿ ಏನು ಬರೆದಿತ್ತು ಅಂತ ನನ್ನನ್ನು ಕೇಳಿದ. ಮುಂದಿನದು ಅಂತ ಬರೆದಿದ್ದೆ ಅಂದೆ. ಸ್ಲೇಟು ತೋರಿಸು ಅಂದ. ಖಾಲಿ ಸ್ಲೇಟು ತೋರಿಸಿದೆ. ನಿನ್ನನ್ನು ಕೇಳಿದಾಗ ನೀನೇನು ಹೇಳಿದೆ? ಅತ್ತೆ ಹೇಳಿದ ಹಾಗೇ ಇರಬಹುದು, ನನಗೆ ನೆನಪಿಲ್ಲ ಅಂದೆ. ನಿನಗೆ ನೆನಪಿಲ್ಲವಾ? ಹೋದ ವರ್ಷ ಯಾವ ತಿರುವಿನಲ್ಲಿ ಯಾವ ಕಲ್ಲು ಅಲ್ಲಾಡುತ್ತಿತ್ತು ಅಂತ ಹೇಳುವವಳು ನೀನು. ಎಲ್ಲರ ಎದುರು ನನ್ನನ್ನು ಸುಳ್ಳಿ ಅಂದಿದ್ದರೆ ಜಗಳ ಮಾಡಿ ಮುಗಿಸುತ್ತಿದ್ದೆ. ಮೆತ್ತಗೆ ನೆನಪಿಲ್ಲ ಅಂದು, ಬ್ಯಾಗು ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿಬಿಟ್ಟೆ. ಅದಕ್ಕೆ ಸಿಟ್ಟು ನನಗೆ.

ಈಗ ಹೇಳುತ್ತೇನೆ. ಸ್ಲೇಟಿನಲ್ಲಿ ನಾನು ಮುಂದಿನದು ಅಂತ ಬರೆದಿರಲಿಲ್ಲ. ಎಡ ಬ್ರೇಕ್ ಅಂತ ಬರೆದಿದ್ದೆ. ನಿನಗೆ ಗೊತ್ತಿರುವುದೇ, ಆದರೂ ನನ್ನ ಕೈಯಲ್ಲಿ ಬರೆಸಬೇಕು ಅಂತ ನಿನ್ನ ಹಠ. ತಗೋ, ಬರೆದೆ.

ನಿನ್ನ ಮಾವ ನನಗೆ ಕೆಲಸ ಕಲಿಸಿದ್ದು ಸೈಕಲನ್ನು ಸ್ಟ್ಯಾಂಡಿಗೆ ಏರಿಸಿ ಹ್ಯಾಂಡಲಿನ ಎದುರು ನನ್ನನ್ನು ನಿಲ್ಲಿಸಿ. ಹಾಗೆ ಎದುರು ನಿಂತರೆ ನನ್ನ ಎಡಗೈ ಕಡೆ ಬರುವುದು ಸವಾರನ ಬಲಗೈ. ನಮ್ಮ ಸೈಕಲ್‌ಗಳಲ್ಲಿ ಮುಂದಿನ ಬ್ರೇಕು ಅದೇ. ನಮ್ಮಿಬ್ಬರಿಗೂ ಅದು ಎಡ. ಇಪ್ಪತ್ತೇಳು ವರ್ಷ ಇಬ್ಬರೂ ಎದುರು ನಿಂತೇ ದುಡಿದೆವು, ಒಂದು ದಿನ ತಪ್ಪಲಿಲ್ಲ. ನೀನು ಬಂದದ್ದು ಸೀಟಿನ ಮೇಲಿನಿಂದ. ಕೂತವಳ ಎಡ ಬೇರೆ, ನಿಂತವಳ ಎಡ ಬೇರೆ. ಮೊದಲ ತಿಂಗಳೇ ಇದಕ್ಕೆ ಕಿತ್ತಾಡಿದೆವು, ನೆನಪಿದೆಯಾ? ಅತ್ತೆ, ಸೈಕಲ್ ಇರುವುದು ಕೂರುವುದಕ್ಕೆ, ಎದುರು ನಿಂತು ನೋಡುವುದಕ್ಕೆ ಅದೇನು ಮದುವೆ ಹೆಣ್ಣಾ ಅಂದೆ ನೀನು. ನಿನ್ನ ಗಂಡ ನಗು ತಡೆಯಲಾಗದೆ ಹೊರಗೆ ಎದ್ದು ಹೋದ. ಕೊನೆಗೆ ಒಪ್ಪಂದ ಆಯಿತು. ಸ್ಲೇಟಿನಲ್ಲಿ ಎಡ ಬಲ ಬರೆಯಬಾರದು, ಮುಂದಿನದು ಹಿಂದಿನದು ಅಂತಲೇ ಬರೆಯಬೇಕು. ನಾಲ್ಕು ವರ್ಷ ಹಾಗೇ ಬರೆದೆ.

ಆ ಶನಿವಾರ ಯಾಕೆ ಎಡ ಅಂತ ಬರೆದೆ? ಮರೆತು ಅಲ್ಲ.

ಬೆಳಿಗ್ಗೆ ಹನ್ನೊಂದು ಜನ ಸವಾರರು ನಿಂತಿದ್ದಾರೆ. ಅವರ ಎದುರು ನೀನು ಅಚ್ಚು ಹಾಕಿಸಿದ ಹಾಳೆ ತೆಗೆದೆ. ಇನ್ನು ಮೇಲೆ ಸ್ಲೇಟು ಬೇಡ ಅತ್ತೆ, ಇದರಲ್ಲಿ ಚೌಕ ಇದೆ, ಗುರುತು ಹಾಕಿ ಸಹಿ ಮಾಡಿದರೆ ಆಯಿತು ಅಂದೆ. ಮಾತು ಸರಿಯಾಗೇ ಇತ್ತು. ಆಮೇಲೆ ಅವರ ಕಡೆ ತಿರುಗಿ, ನಮ್ಮ ಅತ್ತೆಯ ಎಡ ಬಲ ದೇವರಿಗೂ ಅರ್ಥ ಆಗುವುದಿಲ್ಲ ಅಂದೆ. ಎಲ್ಲರೂ ನಕ್ಕರು. ನೀನು ಪ್ರೀತಿಯಿಂದಲೇ ಅಂದದ್ದು ಅಂತ ಈಗ ತಿಳಿಯುತ್ತೆ. ಆಗ ನನ್ನ ಕಿವಿ ಸುಟ್ಟಿತು. ಆ ಹಾಳೆಯ ಸಣ್ಣ ಅಕ್ಷರ ನನಗೆ ಓದಲು ಬರುವುದಿಲ್ಲ, ಗಾಳಿ. ಕನ್ನಡಕದ ತೊಂದರೆ ಅಂತ ನಿನಗೆ ಹೇಳಿದ್ದು ಸುಳ್ಳು. ಕೂಡಿಸಿ ಕೂಡಿಸಿ ಓದುವಷ್ಟರಲ್ಲಿ ಗಿರಾಕಿ ಹೋಗಿರುತ್ತಾರೆ.

ಆ ದಿನವೆಲ್ಲ ನಾನು ನಿನ್ನ ಜೊತೆ ಮಾತಾಡಲಿಲ್ಲ. ನೀನೂ ಆಡಲಿಲ್ಲ, ನಿನಗೇನು ಕಡಿಮೆ ಹಠವಾ. ಸಂಜೆ ಏಳನೇ ನಂಬರಿನ ತಂತಿ ಹಿಡಿಕೆಯ ಒಳಗಡೆ ಎಳೆ ಬಿಟ್ಟದ್ದು ಕಂಡಿತು. ಸ್ಲೇಟು ತಗೊಂಡು ದಪ್ಪಕ್ಕೆ ಬರೆದೆ. ನಂಬರ್ ಏಳು, ಎಡ ಬ್ರೇಕ್, ತಂತಿ ಹೋಗಿದೆ, ಹೊಸದು ಹಾಕು. ಎಡ ಅನ್ನುವುದನ್ನು ಎರಡು ಸಲ ತಿದ್ದಿ ದಪ್ಪ ಮಾಡಿದೆ. ಅರ್ಥ ಆಗುವುದಿಲ್ಲ ಅಂದೆಯಲ್ಲ, ಅರ್ಥ ಮಾಡಿಕೋ ಅಂತ. ಆಮೇಲೆ ಮನೆಗೆ ಹೋದೆ.

ನೀನು ಕೂತವಳ ಎಡಕ್ಕೆ ತಂತಿ ಹಾಕಿದೆ. ಹಳೆಯದು ತೆಗೆದಾಗ ಅದು ಚೆನ್ನಾಗೇ ಇತ್ತು, ಅನುಮಾನ ಬಂತು. ಡಬ್ಬಿಯಲ್ಲಿ ಇದ್ದದ್ದು ಅದೊಂದೇ ಹೊಸ ತಂತಿ. ಸ್ಲೇಟಿನಲ್ಲಿ ನನ್ನ ಸಾಲಿನ ಕೆಳಗೆ ಯಾರ ಎಡ ಅಂತ ಬರೆದಿಟ್ಟು, ಭಾನುವಾರ ಬೆಳಕು ಹರಿಯುವ ಮೊದಲೇ ತೆಳು ಚಕ್ರದವರನ್ನು ಕರೆದುಕೊಂಡು ಕಣಿವೆ ಹತ್ತಿದೆ. ಇದೆಲ್ಲ ನಿನ್ನ ಗಂಡ ನನಗೆ ಹೇಳಿದ್ದು. ಹಾಗೆ ಬರೆದಿದ್ದೆ ಅಂತ ನೀನು ಅವನಿಗೆ ಹೇಳಿದೆಯಂತೆ. ನಮ್ಮ ಅಂಗಡಿಯಲ್ಲಿ ಸ್ಲೇಟು ದಿನಾ ಒರೆಸುವುದು ಪದ್ಧತಿ, ನಿನಗೂ ಗೊತ್ತು. ಸೈಕಲ್ ಸ್ಟ್ಯಾಂಡಿನ ಮೇಲಿತ್ತಾ, ಕೆಳಗಿತ್ತಾ ಅನ್ನುವುದನ್ನು ಈಗ ಎತ್ತಬೇಡ. ಕೆಳಗಿತ್ತು ಅಂತ ನನ್ನ ಹೇಳಿಕೆಯಲ್ಲಿ ಬರೆಸಿಯಾಗಿದೆ.

ನೀನಾದರೂ ಫೋನ್ ಮಾಡಿ ಕೇಳಬಹುದಿತ್ತು. ಮುಖ ನೋಡಲು ಇಷ್ಟ ಇಲ್ಲದಿದ್ದರೆ ಬೇಡ, ದನಿ ಕೇಳಿದರೆ ಏನು ನಷ್ಟ ಆಗುತ್ತಿತ್ತು? ಇದನ್ನು ಬರೆಯುತ್ತಾ ನನಗೇ ನಾಚಿಕೆ ಆಗುತ್ತಿದೆ. ಇರಲಿ.

ನಾನು ಒಂದು ದಾರಿ ಯೋಚಿಸಿದ್ದೆ. ಹದಿನಾರಕ್ಕೆ ಇಬ್ಬರೂ ಹೋಗಿ, ತಂತಿಯೇ ಕಳಪೆ ಮಾಲು, ತಂದ ಹೊಸದರಲ್ಲೇ ಎಳೆ ಬಿಟ್ಟಿತ್ತು, ನಮ್ಮದು ಯಾರದೂ ತಪ್ಪಿಲ್ಲ ಅಂದುಬಿಡೋಣ ಅಂತ. ನಿನ್ನ ಬಿಲ್ಲೆ ಉಳಿಯುತ್ತೆ, ಗೇಟಿನ ಬಳಿ ಅಂಗಡಿಯ ಪರವಾನಗಿಯೂ ಉಳಿಯುತ್ತೆ. ನಿನ್ನ ಗಂಡನಿಗೆ ಹೇಳಿದೆ. ಅವನು ಬಸ್ಸಿನ ಬೀಗದಕೈ ಮೇಜಿನ ಮೇಲಿಟ್ಟು, ಅಮ್ಮ, ನಾನು ದಿನಾ ನಲವತ್ತು ಜನರನ್ನು ಅದೇ ಬೆಟ್ಟದಿಂದ ಇಳಿಸುತ್ತೇನೆ, ನನ್ನ ಬ್ರೇಕ್ ನೋಡುವವನೂ ಹೀಗೆ ಯೋಚಿಸಿದರೆ ಅಂದ. ಊಟ ಮಾಡದೆ ಎದ್ದು ಹೋದ. ನಿನ್ನಂಥವಳ ಜೊತೆ ಇದ್ದೂ ಇದ್ದೂ ಅವನಿಗೂ ಬಾಯಿ ಬಂದಿದೆ. ಈ ಸಾಲುಗಳನ್ನು ಹೊಡೆದು ಹಾಕಬೇಕು ಅನ್ನಿಸುತ್ತೆ, ಹೊಸ ಹಾಳೆಗೆ ಮತ್ತೆ ಬರೆಯುವ ತಾಳ್ಮೆ ಇಲ್ಲ.

ಹಾಗಾಗಿ ನೀನು ಹದಿನಾರಕ್ಕೆ ಬಾ. ಎಡ ಅಂತ ಬರೆದದ್ದು ನಾನು ಅಂತ ಅಲ್ಲೇ ಎದ್ದು ನಿಂತು ಹೇಳುತ್ತೇನೆ. ಅಷ್ಟು ಸಾಕಲ್ಲವಾ?

ಕಾಗದವನ್ನು ನಿನ್ನ ಗಂಡನ ಕೈಯಲ್ಲಿ ಕಳಿಸುತ್ತಿದ್ದೇನೆ. ಅಂಟು ಹಾಕಿದ್ದೇನೆ, ಅವನು ಓದಿಲ್ಲ. ಅಕ್ಕನನ್ನು ಕೇಳಿದೆ ಅಂತ ಹೇಳು.

ಇಂತಿ,
ನಿನ್ನ ಅತ್ತೆ

ಮರೆತದ್ದು: ಅಂಟು ಹಾಕಿದ ಲಕೋಟೆ ಮತ್ತೆ ಬಿಚ್ಚಿದ್ದೇನೆ. ಅಷ್ಟು ಸಾಕಾಗುವುದಿಲ್ಲ ಅಂತ ನನಗೂ ಗೊತ್ತು.

ನಿನ್ನ ಪ್ರಶ್ನೆ ಚಿಹ್ನೆಯ ಕೆಳಗೆ ಚುಕ್ಕೆ ಇರಲಿಲ್ಲ. ಬರೀ ಕೊಕ್ಕೆ ಹಾಕಿ ಬಿಟ್ಟಿದ್ದೆ, ಚುಕ್ಕೆ ಇಡುವಾಗ ಬಳಪ ಮುರಿದಿರಬೇಕು, ಚೂರು ಕೆಳಗೆ ಬಿದ್ದಿತ್ತು. ಇದು ನಿನ್ನ ಗಂಡ ಹೇಳಿದ್ದಲ್ಲ. ನಿನಗೆ ಉತ್ತರ ಸಿಕ್ಕಿತಲ್ಲ.

ಭಾನುವಾರ ಎಂಟು ಗಂಟೆಗೆ ಡಾಕ್ಟರಮ್ಮ ಬಂದು ಏಳನೆಯದೇ ಬೇಕು ಅಂದಾಗ ಸೈಕಲ್ ಸ್ಟ್ಯಾಂಡಿನ ಮೇಲೇ ಇತ್ತು. ಸ್ಟ್ಯಾಂಡಿನ ಮೇಲಿರುವ ಸೈಕಲ್ ಮುಗಿದಿಲ್ಲ, ಮುಟ್ಟಬಾರದು. ನಿನಗೆ ಈ ಮಾತು ಕಲಿಸಿದವಳು ನಾನೇ. ಸ್ಲೇಟು ಓದಿದೆ. ಹೊಸ ತಂತಿ ಯಾವ ಕಡೆ ಹೊಳೆಯುತ್ತಿದೆ ಅಂತ ತಲೆ ಎತ್ತಿದ್ದರೆ ಕಾಣುತ್ತಿತ್ತು. ನೋಡಲಿಲ್ಲ. ನೋಡಿದರೆ ನೀನು ಕೇಳಿದ್ದು ಸರಿ ಅಂತ ಆಗುತ್ತಿತ್ತು. ಯಾರ ಎಡ ಅಂತ ಈಗಲೂ ಕೇಳುತ್ತಾಳೆ ನೋಡು, ಸೊಕ್ಕು ಅಂದುಕೊಂಡೆ. ಎರಡೂ ಹಿಡಿಕೆ ಒತ್ತಿದೆ, ಹಿಡಿದವು. ಎಳೆ ಬಿಟ್ಟ ತಂತಿ ಅಂಗಡಿಯ ಮುಂದೆ ಕಡಿಯುವುದಿಲ್ಲ, ಇಳಿಜಾರಿನಲ್ಲಿ ಕಡಿಯುತ್ತೆ. ಮೂವತ್ತೊಂದು ವರ್ಷದಿಂದ ಗಿರಾಕಿಗಳಿಗೆ ಹೇಳಿಕೊಂಡು ಬಂದ ಮಾತು. ಸೈಕಲ್ ಇಳಿಸಿಕೊಟ್ಟೆ.

ಒಂಬತ್ತೂವರೆಗೆ ರೇಂಜರಿನ ವೈರ್‌ಲೆಸ್ಸಿನಲ್ಲಿ ನಾಲ್ಕನೇ ತಿರುವು ಅಂತ ಕೇಳಿಸಿತು. ಯಾರು ಅಂತ ನಾನು ಕೇಳಲಿಲ್ಲ, ಉಳಿದರಾ ಅಂತಲೂ ಕೇಳಲಿಲ್ಲ. ಒಳಗೆ ಹೋಗಿ ಅಂಗಿಯ ತೋಳಿನಲ್ಲಿ ಸ್ಲೇಟು ಒರೆಸಿದೆ. ಆಮೇಲೆ ಹೊರಗೆ ಬಂದು ಕೇಳಿದೆ. ಆ ಅಂಗಿಯನ್ನು ನಾನು ಮತ್ತೆ ತೊಟ್ಟಿಲ್ಲ.

ಈ ಕಾಗದವನ್ನು ಹದಿನಾರಕ್ಕೆ ನೀನೇ ತಂದು ಅಧಿಕಾರಿಯ ಕೈಗೆ ಕೊಡು. ನಾನೂ ಬಾಯಲ್ಲಿ ಹೇಳುತ್ತೇನೆ, ಆದರೆ ಒಮ್ಮೆ ಒಂದು ಹೇಳಿದವಳ ಬಾಯಿಯನ್ನು ಅವನು ಯಾಕೆ ನಂಬಬೇಕು. ಅಂಗಡಿ ಹೋದರೆ ಹೋಗಲಿ. ನಿನ್ನ ಬಿಲ್ಲೆ ಹೋಗಬಾರದು.

ನೀನು ಸ್ಲೇಟಿನಲ್ಲಿ ಕೇಳಿದ್ದಕ್ಕೆ ಉತ್ತರ ಕೊಡಲು ನನಗೆ ಹದಿನಾರು ದಿನ ಹಿಡಿಯಿತು. ನಿನಗೆ ಅಷ್ಟು ಕೊಡುವುದಿಲ್ಲ. ಬರುತ್ತೀಯಾ, ಇಲ್ಲವಾ. ಹದಿನಾಲ್ಕನೇ ತಾರೀಕು ಶನಿವಾರದ ಒಳಗೆ ಉತ್ತರ ಬೇಕು.