ಒಬ್ಬರಿಗೆ ಒಂದೇ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ಹೇಗಿದ್ದೀಯ? ಮನೆಯಲ್ಲಿ ಎಲ್ಲರೂ ಆರೋಗ್ಯ ತಾನೆ? ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದಕ್ಕೆ ಬೈದುಕೋ, ಮನಸಾರೆ ಬೈದುಕೋ, ಆಮೇಲೆ ಮುಂದಕ್ಕೆ ಓದು. ಫೋನ್ ಮಾಡಬಹುದಿತ್ತಲ್ಲ ಅಂತೀಯ. ಫೋನಿನಲ್ಲಿ ನಾನು ಅಳೋಕೆ ಶುರು ಮಾಡಿದರೆ ನೀನು ಏನಾದರೂ ಅಂದು ನಗಿಸಿಬಿಡ್ತೀಯ, ಹೇಳಬೇಕಾದ್ದು ಗಂಟಲಲ್ಲೇ ಉಳಿಯುತ್ತೆ. ಅದಕ್ಕೇ ಕಾಗದ. ಅಂಚೆ ಯಾವಾಗ ಶುರುವಾಗುತ್ತೋ ಆಗ ನಿನ್ನ ಕೈ ಸೇರಲಿ.

ಈ ಹಾಳು ವೈರಸ್ಸಿನ ಸುದ್ದಿ ಮೊದಲು ಕೇಳಿದ್ದು ನಮ್ಮ ಹೊಲಿಗೆ ಅಂಗಡಿಯ ರೇಡಿಯೋದಲ್ಲಿ. ಎಲ್ಲೋ ದೂರದಲ್ಲಿ ಅಂದುಕೊಂಡು ಮಕ್ಕಳ ಯೂನಿಫಾರಂ ಹೊಲಿಯುತ್ತಾ ಕೂತಿದ್ದೆ. ಆಮೇಲೆ ಸ್ಕೂಲು ಮುಚ್ಚಿದರು, ಯೂನಿಫಾರಂ ಬೇಡ ಅಂದರು. ಪಕ್ಕದ ಅಂಗಡಿಯಲ್ಲಿ ಸೋಪು ಖಾಲಿ, ಎದುರಿನದರಲ್ಲಿ ಎಣ್ಣೆ ಖಾಲಿ. ಕೆಳಗಿನ ಮನೆಯ ಟೀಚರಮ್ಮ ಉಪ್ಪಿನ ಮೂಟೆ ಹೊರಿಸಿಕೊಂಡು ಬಂದರು. ಇರೋದು ಗಂಡ ಹೆಂಡತಿ ಇಬ್ಬರೇ, ಅಷ್ಟು ಉಪ್ಪು ಏನು ಮಾಡ್ತಾರೋ ನಾನು ಕಾಣೆ.

ನಮ್ಮನೆಯವರನ್ನು ನೀನು ಬಲ್ಲೆ. ಬಸ್ ಡಿಪೋ ಬಿಟ್ಟರೆ ಮನೆ, ಮನೆ ಬಿಟ್ಟರೆ ಡಿಪೋ. ಒಂದು ಬೆಂಕಿಪೊಟ್ಟಣ ತನ್ನಿ ಅಂದರೆ ಮುಖ ಸಿಂಡರಿಸುವ ಮನುಷ್ಯ. ಅಂಥವರು ಒಂದು ದಿನ ಡಿಪೋದಿಂದ ಬಂದವರೇ, ಸ್ಪ್ಯಾನರ್ ಹಿಡಿಯೋ ಕೈಯಲ್ಲಿ ನನ್ನ ಬಟ್ಟೆ ಬೀರುವಿನ ಕೆಳಗಿನ ಅರೆ ಖಾಲಿ ಮಾಡಿ, ಒರೆಸಿ, "ಇಲ್ಲಿ ಅಕ್ಕಿ, ಇಲ್ಲಿ ಬೇಳೆ, ಮೇಣದಬತ್ತಿ ಮೇಲುಗಡೆ, ಇಲಿ ಕಡಿಯುತ್ತೆ" ಅಂತ ಸಂಸಾರ ಹೂಡಿದರು. ನಾನು ಡಬ್ಬ ತೊಳೆದು ಕೊಡೋದು, ಅವರು ಒರೆಸಿ ಜೋಡಿಸೋದು. ನಗಬೇಡ ಗುಬ್ಬಿ, ಊರೆಲ್ಲ ಹೆದರಿ ಸಾಯುತ್ತಿದ್ದಾಗ ನಾನು ಖುಷಿಯಾಗಿದ್ದೆ. ತಡವಾಗಿ ಮದುವೆಯಾದವರಿಗೆ ಇಂಥ ಸಣ್ಣ ಕೆಲಸಗಳೇ ಹೊಸದು.

ದೊಡ್ಡ ಅಂಗಡಿಯ ಬಾಗಿಲಿಗೆ "ಒಬ್ಬರಿಗೆ ಒಂದೇ" ಅಂತ ಬೋರ್ಡು ಬಿತ್ತು. ಇವರು ನನ್ನ ಕಿವಿಯಲ್ಲಿ, "ನಾವಿಬ್ಬರೂ ಬೇರೆ ಬೇರೆ ನಿಲ್ಲೋಣ. ನನ್ನ ಗುರುತೇ ಇಲ್ಲ ಅನ್ನೋ ಥರ ಇರು" ಅಂದರು. ನಿಂತೆ. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಬಂದು, "ಮೇಡಂ, ಲೈನು ಇಲ್ಲೇನಾ ಶುರು?" ಅಂತ ಕೇಳಬೇಕೇ! "ಕಣ್ಣು ಕಾಣಲ್ವೇನ್ರೀ?" ಅಂದೆ. "ಕಾಣುತ್ತೆ, ಅದಕ್ಕೇ ಇಲ್ಲಿ ಬಂದೆ" ಅಂದರು. ನನ್ನ ಮುಂದಿದ್ದ ಅಜ್ಜಿ ಇವರನ್ನು ಕೆಕ್ಕರಿಸಿ ನೋಡಿ ನನ್ನನ್ನು ತನ್ನ ಪಕ್ಕಕ್ಕೆ ಎಳೆದುಕೊಂಡಳು. ಮದುವೆಯಾಗಿ ಇಷ್ಟು ವರ್ಷಕ್ಕೆ ನನ್ನ ಗಂಡ ನನ್ನನ್ನು ಚುಡಾಯಿಸಿದ್ದು ಅವತ್ತೇ.

ಒಳಗೆ ನೂಕುನುಗ್ಗಲು. ಹಾಲಿನ ಪುಡಿಯ ಕೊನೇ ಡಬ್ಬಕ್ಕೆ ನಾನು ಕೈ ಹಾಕಿದೆ, ಒಬ್ಬ ಡೊಳ್ಳುಹೊಟ್ಟೆಯವನೂ ಹಾಕಿದ. "ನನ್ನ ಕೈ ಮೊದಲು" ಅಂದ. "ನಿಮ್ಮ ಹೊಟ್ಟೆ ಮೊದಲು ಬಂದಿದ್ದು, ಕೈ ಅಲ್ಲ" ಅಂದೆ. ಸುತ್ತ ಇದ್ದವರೆಲ್ಲ ನಕ್ಕರು, ಅವನು ಡಬ್ಬ ಬಿಟ್ಟ. ಗೆದ್ದುಕೊಂಡು ಬಂದೆ ಕಣೇ, ಆಟದಲ್ಲಿ ಕಪ್ಪು ಗೆದ್ದ ಹಾಗೆ.

ಮನೆಗೆ ಬಂದು ನಾನು ಕಾಫಿಗಿಟ್ಟೆ. ತಿರುಗಿ ನೋಡಿದರೆ ಇವರು ನೆಲದ ಮೇಲೆ ಕೂತು ಎಲ್ಲವನ್ನೂ ಎರಡು ಪಾಲು ಮಾಡುತ್ತಿದ್ದಾರೆ. ಅಕ್ಕಿ ಇಲ್ಲೊಂದು ಅಲ್ಲೊಂದು. ಎಣ್ಣೆ ಇಲ್ಲೊಂದು ಅಲ್ಲೊಂದು. ನನ್ನ ಹಾಲಿನ ಪುಡಿ ಸೀದಾ ಆ ಚೀಲಕ್ಕೆ.

"ಅದು ಯಾರಿಗೆ?"

"ಆ ಮನೆಗೆ. ಅಮ್ಮ ಇದ್ದಾರಲ್ಲ."

ಆ ಮನೆ ಯಾವುದು ಅಂತ ನಿನಗೆ ಹೇಳಬೇಕಾಗಿಲ್ಲ. ನನಗಿಂತ ಮುಂಚೆ ಇವರನ್ನು ಕಟ್ಟಿಕೊಂಡು, ಕೋರ್ಟಿಗೆ ಹೋಗಿ ಬಿಟ್ಟವಳ ಮನೆ. ನಮ್ಮತ್ತೆ ಇವತ್ತಿಗೂ ಅಲ್ಲೇ. "ನೀವಿಬ್ಬರೂ ಒಬ್ಬರನ್ನೊಬ್ಬರು ಬಿಟ್ಟಿರಿ, ನಾನು ಯಾರನ್ನೂ ಬಿಟ್ಟಿಲ್ಲ" ಅಂತ ಆವಾಗಲೇ ಹೇಳಿ ಅವಳ ಜೊತೆ ಉಳಿದುಬಿಟ್ಟವರು. ಹಾಗಾದರೆ ನಾನು ಲೈನಿನಲ್ಲಿ ನಿಂತು, ಮೇಡಂ ಅನ್ನಿಸಿಕೊಂಡು, ಡೊಳ್ಳುಹೊಟ್ಟೆಯವನ ಹತ್ತಿರ ಜಗಳ ಆಡಿದ್ದು ಅವಳಿಗೋಸ್ಕರ! ಮೈಯೆಲ್ಲ ಉರಿದುಹೋಯಿತು. ಆದರೆ ವಯಸ್ಸಾದ ಅತ್ತೆಗೆ ಹಾಲು ಕೊಡಬೇಡಿ ಅಂತ ಯಾವ ಬಾಯಲ್ಲಿ ಹೇಳಲಿ?

ಚೀಲದಲ್ಲಿ ಏನೇನಿದೆ ಅಂತ ಕೆದಕಿದೆ. ನಮಗೆ ಹಾಕಿದ್ದು ಗುಲಾಬಿ ವಾಸನೆಯ ಸೋಪು. ಆ ಚೀಲದಲ್ಲಿ ವಾಸನೆಯೇ ಇಲ್ಲದ್ದು.

"ಇದ್ಯಾಕೆ ಬೇರೆ?"

"ಅವಳಿಗೆ ವಾಸನೆ ಸೋಪು ಹಚ್ಚಿದರೆ ಮೈಮೇಲೆ ಗಂಧೆ ಏಳುತ್ತೆ."

"ಓಹೋ. ನನಗೆ ಏನು ಹಚ್ಚಿದರೆ ಏನು ಏಳುತ್ತೆ, ಹೇಳಿ ನೋಡೋಣ."

ಕಣ್ಣು ಪಿಳಿಪಿಳಿ ಬಿಟ್ಟರು. ಯೋಚಿಸಿದರು. "ನಿನಗೆ ಏನೂ ಹಚ್ಚದೆ ಇದ್ದರೂ ಕೋಪ ಏಳುತ್ತೆ" ಅಂದರು. ಕಾಫಿ ಕೊಡಲಿಲ್ಲ ನಾನು.

ಮಾರನೇ ದಿನ ಚೀಲ ನಾನೇ ಕೊಟ್ಟು ಬರ್ತೀನಿ ಅಂತ ಹೊರಟೆ. ಸೌಜನ್ಯ ಅಂದುಕೊಳ್ಳಬೇಡ, ಆ ಮನೆ ನೋಡಬೇಕಿತ್ತು ನನಗೆ. ಅವಳು ಹೇಗಿದ್ದಾಳೆ ನೋಡಬೇಕಿತ್ತು. ಸುಣ್ಣ ಹಚ್ಚಿದ ಸಣ್ಣ ಮನೆ, ಕಾಂಪೌಂಡಿನಲ್ಲಿ ಬಕೀಟು ನೀರು, ಪಕ್ಕದಲ್ಲಿ ಸೋಪು. ಅವಳು ಬಾಗಿಲಲ್ಲೇ ದೂರ ನಿಂತಳು. ಅರ್ಧ ಕೂದಲು ಬೆಳ್ಳಗೆ, ಕಣ್ಣಿಗೆ ದಪ್ಪ ಕನ್ನಡಕ. ಲೈಬ್ರರಿಯಲ್ಲಿ ಪುಸ್ತಕ ಕೊಡೋ ಕೆಲಸವಂತೆ, ಮುಖವೂ ಹಾಗೇ ಇದೆ, ಸದ್ದು ಮಾಡಬೇಡಿ ಅನ್ನೋ ಹಾಗೆ. ಚೆನ್ನಾಗಿದ್ದಿದ್ದರೆ ಅಸೂಯೆ ಪಟ್ಟು ಮನೆಗೆ ಬರುತ್ತಿದ್ದೆ. ಚೆನ್ನಾಗಿಲ್ಲ, ಅದಕ್ಕೆ ಇನ್ನೂ ಹೊಟ್ಟೆ ಉರಿಯಿತು.

ಒಳಗಿನಿಂದ ಅತ್ತೆ, "ಯಾರು ಬಂದಿದ್ದು?" ಅಂತ ಕೂಗಿದರು.

"ನಿಮ್ಮ ಸೊಸೆ" ಅಂದಳು ಅವಳು.

"ನೀನು ಇಲ್ಲೇ ಇದ್ದೀಯಲ್ಲೇ!"

ಅವಳು ನಕ್ಕುಬಿಟ್ಟಳು. ನನಗೂ ನಗು ಬಂತು, ತಡೆದುಕೊಂಡೆ. ಚೀಲ ನೋಡಿ, "ನಮಗೆ ಇಷ್ಟೊಂದು ಬೇಡ, ನೀವೂ ಇಟ್ಟುಕೊಳ್ಳಿ" ಅಂತ ಅರ್ಧ ಅಕ್ಕಿ ಬೇರೆ ತೆಗೆದು ಕಟ್ಟಿ ಗೇಟಿನ ಹತ್ತಿರ ಇಟ್ಟಳು. ಹೀಗೆ ಒಳ್ಳೆಯವಳಾಗಿರೋಕೆ ಅವಳಿಗೆ ಯಾರು ಹೇಳಿದ್ದರು? ಎರಡು ಮಾತು ಬೈದಿದ್ದರೆ ನನ್ನ ಜನ್ಮ ಸಾರ್ಥಕವಾಗುತ್ತಿತ್ತು. ಹೊರಡುವಾಗ ಮತ್ತೆ ಕರೆದು, "ಅವರಿಗೆ ಜ್ವರ ಬಂದರೆ ಹೇಳಲ್ಲ. ಸುಮ್ಮನೆ ಎಲ್ಲರ ಮೇಲೂ ಸಿಡುಕ್ತಾರೆ. ಹಾಗೇನಾದರೂ ಆದರೆ ಹಣೆ ಮುಟ್ಟಿ ನೋಡಿ" ಅಂದಳು. ಅವಳ ಬಾಯಲ್ಲೂ "ಅವರು", ನನ್ನ ಬಾಯಲ್ಲೂ "ಅವರು". ದಾರಿಯುದ್ದಕ್ಕೂ ಅದೇ ಕೊರೆಯಿತು. ಇವರು ಸಿಡುಕಿದಾಗಲೆಲ್ಲ ನಾನೂ ತಿರುಗಿ ಸಿಡುಕಿದ್ದೀನಿ ಗುಬ್ಬಿ. ಹಣೆ ಮುಟ್ಟಬೇಕು ಅಂತ ನನಗೆ ಯಾರು ಹೇಳಿದ್ದರು?

ಆಮೇಲೆ ಮನೆಯಲ್ಲಿದ್ದ ಯೂನಿಫಾರಂ ಬಟ್ಟೆಯಲ್ಲಿ ಮಾಸ್ಕ್ ಹೊಲಿಯೋಕೆ ಕೂತೆ. "ಅಲ್ಲಿಗೂ ಎರಡು ಹೊಲಿ" ಅಂದರು ಇವರು. ಅತ್ತೆಯದು ನೀಟಾಗಿ ಹೊಲಿದೆ. ಅವಳದಕ್ಕೆ ಬೇಕೆಂದೇ ಅಂಕುಡೊಂಕು ಹೊಲಿಗೆ ಹಾಕಿದೆ. ಆಮೇಲೆ ಕೈಯಲ್ಲಿ ಹಿಡಿದು ನೋಡಿದೆ. ನನ್ನ ಕೈಕೆಲಸ ಇಷ್ಟೇ ಅಂತ ಅವಳು ಅಂದುಕೊಂಡರೆ? ಬಿಚ್ಚಿ ಮತ್ತೆ ಹೊಲಿದೆ. ನಮ್ಮಿಬ್ಬರದಕ್ಕಿಂತ ಚೆನ್ನಾಗಿ ಬಂತು, ನನ್ನ ಕರ್ಮ.

ಎರಡು ದಿನಕ್ಕೆ ಅವಳ ಫೋನ್ ಬಂತು. ಅತ್ತೆಗೆ ಜೋರು ಜ್ವರ, ಎತ್ತಿ ಕೂರಿಸೋಕೆ ಒಬ್ಬಳ ಕೈಲಿ ಆಗ್ತಿಲ್ಲ. ಇವರು ಚಪ್ಪಲಿ ಮೆಟ್ಟಿಕೊಂಡು ನನ್ನ ಮುಖ ನೋಡಿದರು. "ನೋಡ್ತಾ ನಿಲ್ಲಬೇಡಿ, ಹೋಗಿ" ಅಂದೆ. ಸಂಜೆಯೊಳಗೆ ಆರೋಗ್ಯ ಇಲಾಖೆಯವರು ಬಂದು ಆ ಮನೆಯ ಬಾಗಿಲಿಗೆ ಚೀಟಿ ಅಂಟಿಸಿದರಂತೆ. ಒಳಗಿದ್ದವರು ಒಳಗೇ ಇರಬೇಕು, ಹೊರಗೆ ಕಾಲಿಡೋ ಹಾಗಿಲ್ಲ. ಅವತ್ತಿನಿಂದ ನನ್ನ ಗಂಡ ಅಲ್ಲಿ, ನಾನು ಇಲ್ಲಿ.

ಹೆದರಿದ್ದೆ ಕಣೇ, ನಿಜವಾಗಿ ಹೆದರಿದ್ದೆ. ಅತ್ತೆಗೆ ಏನಾಗುತ್ತೋ, ಇವರಿಗೂ ತಗುಲಿದರೆ ಏನು ಗತಿಯೋ ಅಂತ. ಹೆದರಿಕೆ ಸ್ವಲ್ಪ ಇಳಿದರೆ ಸಾಕು, ಇನ್ನೊಂದು ಏಳುತ್ತಿತ್ತು. ಈಗ ಯಾರು ನೀರು ಕಾಯಿಸ್ತಿದ್ದಾರೆ? ಇವರು ಸಿಡುಕಿದರೆ ಯಾರು ಹಣೆ ಮುಟ್ಟುತ್ತಾರೆ? ಬೀರುವಿನ ತುಂಬ ಅಕ್ಕಿ ಬೇಳೆ ಇಟ್ಟುಕೊಂಡು ಒಬ್ಬಳೇ ಗಂಜಿ ಕುಡಿದೆ. ದಿನಾ ಫೋನ್ ಮಾಡೋರು, "ನೀನು ಹುಷಾರು, ಹೊರಗೆ ಹೋಗಬೇಡ" ಅನ್ನೋರು. ನಾನು ಅತ್ತೆಯ ಜ್ವರ ಎಷ್ಟು ಅಂತ ಕೇಳಿ, ಅವಳು ಎಲ್ಲಿ ಮಲಗ್ತಾಳೆ ಅಂತ ಕೇಳದೆ ನಾಲಿಗೆ ಕಚ್ಚಿಕೊಂಡೆ. ಅವರೇ ಹೇಳಿದರು, "ನಾನು ಹಜಾರದಲ್ಲಿ, ಅವರಿಬ್ಬರೂ ಒಳಗೆ." ಕೇಳದೆ ಹೇಳಿದರಲ್ಲ ಅಂತ ಸಮಾಧಾನ ಆಯಿತು. ಕೇಳದೆ ಯಾಕೆ ಹೇಳಿದರು ಅಂತ ಸಂಕಟವೂ ಆಯಿತು.

ದೇವರು ದೊಡ್ಡವನು, ಅತ್ತೆಗೆ ಜ್ವರ ಬಿಟ್ಟಿದೆ. ಎದ್ದು ಕೂತು, ಗಂಜಿಗೆ ಉಪ್ಪಿಲ್ಲ ಅಂತ ಜಗಳ ತೆಗೆದಿದ್ದಾರಂತೆ. ಉಳಿದ ಇಬ್ಬರಿಗೂ ಏನೂ ಅಂಟಿಲ್ಲ. ನಾಳಿದ್ದು ಚೀಟಿ ಕೀಳ್ತಾರೆ, ಇವರು ಮನೆಗೆ ಬರ್ತಾರೆ. ಬೆಳಿಗ್ಗೆಯಿಂದ ಮನೆ ಸಾರಿಸಿ ಒರೆಸಿ, ಹಾಸಿಗೆಗೆ ಬೇರೆ ಹೊದಿಕೆ ಹಾಕಿ, ಈಗ ಬರೆಯೋಕೆ ಕೂತಿದ್ದೀನಿ.

ನೀನು ಹುಷಾರಾಗಿರು. ನೀನೂ ಮೂಟೆ ಮೂಟೆ ಉಪ್ಪು ತಂದಿಟ್ಟಿಲ್ಲ ತಾನೆ? ಮಗಳು ಚೆನ್ನಾಗಿ ಓದಲಿ, ನಿನ್ನ ಹಾಗೆ ಬಾಯಿಬಡುಕಿ ಆಗದೆ ನೂರು ವರ್ಷ ಸುಖವಾಗಿ ಬಾಳಲಿ. ನಿಮ್ಮನೆಯವರಿಗೆ ನನ್ನ ನಮಸ್ಕಾರ ಹೇಳು. ಎಲ್ಲ ತಣ್ಣಗಾದ ಮೇಲೆ ಬಂದು ನಾಲ್ಕು ದಿನ ಇದ್ದು ಹೋಗು.

ನಿನ್ನ,
ಸೂಜಿ

ಮರೆತಿದ್ದೆ: ಮರೆತಿರಲಿಲ್ಲ, ಮೇಲೆ ಬರೆಯೋಕೆ ಕೈ ಬರಲಿಲ್ಲ. ಮೊನ್ನೆ ಇವರ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಾಗ ಹಿಂದಿನಿಂದ ಅವಳು ಕರೆದಳು. ಬೇರೇನೂ ಅಲ್ಲ, "ಊಟಕ್ಕೆ ಬನ್ನಿ" ಅಂತ, ಅದೂ ಮೆತ್ತಗೆ. ಅವಳ ಮಾತು ಮುಗಿಯೋ ಮುಂಚೆಯೇ ಇವರು "ಬಂದೆ" ಅಂದರು. ಇಲ್ಲಿ ನಾನು ಕರೆದು, ಮತ್ತೆ ಕರೆದು, ಕೊನೆಗೆ ಹೋಗಿ ಕೈಯಲ್ಲಿದ್ದ ಪೇಪರ್ ಕಿತ್ತುಕೊಂಡರೇ ಏಳೋದು. ಇಷ್ಟು ವರ್ಷ ಅವರಿಗೆ ಕಿವಿ ಸ್ವಲ್ಪ ಮಂದ ಅಂದುಕೊಂಡು ಗಟ್ಟಿಯಾಗಿ ಕೂಗ್ತಾ ಬಂದಿದ್ದೆ ಕಣೇ.