ಎರೆಮಣ್ಣು

೧೭ ಆಗಸ್ಟ್, ಭಾನುವಾರ

ಹೋಗಲೇಬಾರದಿತ್ತು. ಪಂಚಮಿಗೆಂದು ರಾಮದುರ್ಗದ ತವರಿಗೆ ಹೋಗಿ ಇಪ್ಪತ್ತು ದಿನ ಕುಳಿತೆ. ಬಂದು ನೋಡಿದರೆ ನನ್ನ ಬಾಕ್ಸ್‌ವುಡ್ ಬೋನ್ಸಾಯ್ ಹಳದಿಯಾಗಿದೆ. ಹದಿಮೂರು ವರ್ಷ ಕುಂಡದಲ್ಲೇ ಕುಳ್ಳಗೆ ಬೆಳೆಸಿದ ಗಿಡ, ಗೇಣುದ್ದ.

"ಬರೇ ಉಸುಕು, ಹಳ್ಳು ಇತ್ತವಾ ಅದರಾಗ," ಎಂದರು ಮಾವ, ಹೆಮ್ಮೆಯಿಂದ. "ಎಲ್ಲಾ ತಗದು ನಮ್ಮ ಹೊಲದ ಎರಿಮಣ್ಣ ಹಾಕೇನಿ. ಇನ್ನ ನೋಡ, ಹೆಂಗ ಬೆಳೀತೈತಿ!"

ಸಂಗೊಳ್ಳಿಯಿಂದ ಬಸ್ಸಿನಲ್ಲಿ ಚೀಲ ಹೊತ್ತು ತಂದಿದ್ದಾರೆ, ಈ ಎಪ್ಪತ್ತೆರಡರಲ್ಲಿ. ಏನೆಂದು ಬೈಯಲಿ? ತಪ್ಪು ನನ್ನದೇ. ನೀರು ಹಾಕ್ರಿ ಎಂದಿದ್ದೆ, ಮಣ್ಣು ಮುಟ್ಟಬ್ಯಾಡ್ರಿ ಎನ್ನಲಿಲ್ಲ.

ಜೋಳಕ್ಕೆ ಬಂಗಾರದಂಥ ಆ ಕಪ್ಪು ಮಣ್ಣು ಕುಡಿದ ನೀರನ್ನು ಬಿಡುವುದಿಲ್ಲ. ಸಂಜೆ ಕಿತ್ತು ನೋಡಿದೆ. ಬೇರೆಲ್ಲ ಕಪ್ಪು, ಮುಟ್ಟಿದರೆ ಸಿಪ್ಪೆ ಜಾರುತ್ತಿತ್ತು. ಕೊಳೆತದ್ದನ್ನು ಕತ್ತರಿಸಿ ಮತ್ತೆ ಉಸುಕು, ಸಣ್ಣ ಕಲ್ಲಿಗೇ ಹಾಕಿದೆ. ಆಮೇಲೆ ಒಂದೊಂದೇ ಟೊಂಗೆಯನ್ನು ಉಗುರಿನಿಂದ ಕೆರೆದೆ. ತೊಗಟೆಯ ಕೆಳಗೆ ಹಸಿರಿದ್ದರೆ ಜೀವವಿದೆ. ಎಲ್ಲ ಕಡೆ ಕಂದು. ದೇವರೇ, ಎಲ್ಲ ಕಡೆ.

ಮಲಗುವ ಮೊದಲು ಮಾವ ಬಾಗಿಲಲ್ಲಿ ನಿಂತು ಕೇಳಿದರು, "ನಾ ಏನರ ತಪ್ಪ ಮಾಡಿದ್ನೇನವಾ? ಚಿಗರತೈತಿಲ್ಲೋ?"

"ಚಿಗರತೈತ್ರಿ ಮಾವಾರ," ಎಂದೆ.

ಬುಡವನ್ನು ಮಾತ್ರ ಇನ್ನೂ ಕೆರೆದಿಲ್ಲ. ಕೆರೆಯುವವರೆಗೆ ನಾನು ಹೇಳಿದ್ದು ಸುಳ್ಳಲ್ಲ.