ಹೊಗೆಯಿಲ್ಲದ ಗಾಡಿಯ ಹೊಗೆ

ಗದಗ,
ಏಪ್ರಿಲ್ ನಲವತ್ತಾರು, 2131

ಮುತ್ತಜ್ಜ ಫಕೀರಪ್ಪನವರಿಗೆ ಮರಿಮೊಮ್ಮಗಳ ನಮಸ್ಕಾರ.

ತಾರೀಖು ನೋಡಿ, ಯಾರೋ ತಲೆಕೆಟ್ಟವರ ಕೆಲಸವೆಂದು ಕಾಗದ ಹರಿಯಬೇಡಿ. ನಮ್ಮಲ್ಲಿ ಬೇಸಿಗೆ ಮುಗಿಯುವುದೇ ಇಲ್ಲವಾದ್ದರಿಂದ ಸರ್ಕಾರ ಏಪ್ರಿಲ್ ತಿಂಗಳನ್ನೇ ಉದ್ದ ಮಾಡಿದೆ. ಬಿಸಿಲು ಕಡಿಮೆ ಮಾಡುವುದಕ್ಕಿಂತ ಅದು ಸುಲಭವಾಯಿತು. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಮಾತನ್ನು ಹಳೆಯ ಧ್ವನಿಮುದ್ರಣಗಳಿಂದ ಕಲಿತವಳು ನಾನು.

ನಾವು ಹೊರಗೆ ಕಾಲಿಡುವುದು ನೆರಳುಹೊತ್ತಿನಲ್ಲಿ ಮಾತ್ರ, ಅಂದರೆ ಬಿಸಿಲು ಇಳಿಯಿತೆಂದು ಸೈರನ್ ಕೂಗಿದ ಮೇಲೆ. ರೊಟ್ಟಿ, ಮೊಸರು, ಔಷಧಿ ಎಲ್ಲವೂ ಕರೆಂಟಿನ ಗಾಡಿಗಳಲ್ಲಿ ಸದ್ದಿಲ್ಲದೆ ಬಾಗಿಲಿಗೆ ಬರುತ್ತವೆ. ಡೀಸೆಲ್ಲನ್ನು ಶಾಲೆಯಲ್ಲಿ ಸೀಸೆಯಲ್ಲಿಟ್ಟು ತೋರಿಸುತ್ತಾರೆ. ಮಕ್ಕಳು ಮೂಸಿ ನೋಡಿ ಮುಖ ಕಿವುಚಿ ಓಡುತ್ತಾರೆ. ನಾನು ಹಿಂದಂಚೆಯಲ್ಲಿ ಗುಮಾಸ್ತೆ. ಹಿಂದಂಚೆಯೆಂದರೆ ಕಳೆದ ಕಾಲಕ್ಕೆ ಕಾಗದ ಒಯ್ಯುವ ಕಚೇರಿ. ಒಬ್ಬರಿಗೆ ಜನ್ಮದಲ್ಲಿ ಒಂದೇ ಕಾಗದ. ಅದು ಮುಟ್ಟಿತೋ ಇಲ್ಲವೋ ತಿಳಿಯುವ ದಾರಿಯಿಲ್ಲ. ಕಚೇರಿಯಲ್ಲಿ ಕೆಲವು ಖಾಲಿ ಕುರ್ಚಿಗಳಿವೆ, ಅವುಗಳಲ್ಲಿ ಯಾರು ಕೂರುತ್ತಿದ್ದರೆಂದು ನಮಗೆ ಯಾರಿಗೂ ನೆನಪಿಲ್ಲ.

ನಿಮ್ಮ ಲೆಕ್ಕದಲ್ಲಿ ಈಗಷ್ಟೇ ಕಳೆದ ಶ್ರಾವಣದಲ್ಲಿ ನೀವು ಬೇಕರಿಯ ಹಳೆಯ ಡೀಸೆಲ್ ಗಾಡಿ ಮಾರಿ ಕರೆಂಟಿನ ವ್ಯಾನ್ ತಂದಿರಿ. ಇಡೀ ಬಜಾರಿನಲ್ಲಿ ಮೊದಲಿಗರು ನೀವೇ. ಅದರ ಎರಡೂ ಬದಿಗೆ ‘ಹೊಗೆಯಿಲ್ಲದ ಗಾಡಿ’ ಎಂದು ಹಸಿರು ಅಕ್ಷರದಲ್ಲಿ ಬರೆಸಿದಿರಿ. ನಿಮ್ಮಂಥವರು ಇನ್ನಷ್ಟು ಮಂದಿ ಇದ್ದಿದ್ದರೆ ನಮ್ಮ ಏಪ್ರಿಲ್ ಮೂವತ್ತಕ್ಕೇ ಮುಗಿಯುತ್ತಿತ್ತೇನೋ. ಬಜಾರಿನವರು ಮಾತ್ರ ‘ಕರೆಂಟ್ ಹೋತಂದ್ರ ಎತ್ತು ಹೂಡ್ತಿ ಏನಪಾ ಫಕೀರಾ?’ ಎಂದು ಕಾಲೆಳೆದರು. ನೀವು ಮೇಲೆ ನಕ್ಕಿರಿ, ಒಳಗೆ ಉರಿದಿರಿ.

ಬರುವ ದೀಪಾವಳಿಯ ಹಿಂದಿನ ದಿನ ಬೆಳಗಿನಿಂದಲೇ ಕರೆಂಟ್ ಇರುವುದಿಲ್ಲ. ಸಂಜೆಗೆ ಊರಿಗೆಲ್ಲ ಸಿಹಿ ಮುಟ್ಟಿಸಬೇಕು, ಗಾಡಿಯಲ್ಲಿ ಚಾರ್ಜ್ ಇಲ್ಲ. ನೀವು ಡೀಸೆಲ್ ಜನರೇಟರ್ ಬಾಡಿಗೆಗೆ ತರುತ್ತೀರಿ. ಹೊಗೆಯಿಲ್ಲದ ಗಾಡಿಗೆ ಹೊಗೆಯ ಯಂತ್ರ ಜೋಡಿಸಿದ್ದನ್ನು ಬೀದಿಯವರು ಕಂಡರೆ ವರ್ಷವಿಡೀ ನಗುತ್ತಾರೆ. ಅದಕ್ಕೇ ಎರಡನ್ನೂ ಮನೆಯ ಕೆಳಗಿನ ಗೋದಾಮಿನೊಳಗೆ ನಿಲ್ಲಿಸಿ ಶಟರ್ ಇಳಿಸುತ್ತೀರಿ. ನಿಮ್ಮ ಹೆಂಡತಿ ನೀಲವ್ವ ‘ಹೊಗಿ ಒಳಗ ತುಂಬತೈತಿ, ಹೊರಗ ಇಡ್ರೀ’ ಎನ್ನುತ್ತಾಳೆ. ‘ಮಂದಿ ನೋಡ್ತಾರ, ಸುಮ್ನಿರು’ ಎಂದು ನೀವು ಬೇಕರಿಗೆ ಹೋಗುತ್ತೀರಿ. ಸಿಹಿ ಮಾಡಿ ದಣಿದ ನೀಲವ್ವ, ಮಗಳು ಸಂಪದಾಳನ್ನು ಕರೆದುಕೊಂಡು ಮೇಲಿನ ಕೋಣೆಯಲ್ಲಿ ಸ್ವಲ್ಪ ಅಡ್ಡಾಗುತ್ತಾಳೆ. ಹೊಗೆ ಮೆಟ್ಟಿಲು ಹತ್ತುತ್ತದೆ. ಸಂಜೆ ನೀವು ಬಂದಾಗ ಗಾಡಿ ಪೂರ್ತಿ ಚಾರ್ಜ್ ಆಗಿರುತ್ತದೆ. ಅವರಿಬ್ಬರೂ ಏಳುವುದಿಲ್ಲ.

ಅಜ್ಜ, ಗಾಡಿಯ ತಪ್ಪಿಲ್ಲ. ನಿಮ್ಮ ಮೇಲೆ ನನಗೆ ಸಿಟ್ಟಿದೆ. ನಾಲ್ಕು ಜನ ನಗುತ್ತಾರೆಂಬ ಅಂಜಿಕೆಗೆ ಎರಡು ಜೀವ ತೆತ್ತಿರಲ್ಲ! ಆಮೇಲೆ ಸಾಯುವವರೆಗೂ ನೀವು ಹಬ್ಬಕ್ಕೆ ಹೊಸ ಬಟ್ಟೆ ಉಡಲಿಲ್ಲವಂತೆ. ನನ್ನ ಅವ್ವ ಹೇಳುತ್ತಿದ್ದಳು.

ಇನ್ನೊಂದು ಮಾತು ಮುಚ್ಚಿಡಲಾರೆ. ನೀಲವ್ವ ಹೋದ ಮೇಲೆ ಮನೆಯವರ ಒತ್ತಾಯಕ್ಕೆ ನೀವು ಮತ್ತೆ ಮದುವೆಯಾದಿರಿ. ಆ ಮದುವೆಯ ಕುಡಿ ನಾನು. ನನಗೆ ಮಕ್ಕಳಿಲ್ಲ, ಒಡಹುಟ್ಟಿದವರಿಲ್ಲ. ಆ ವಂಶದಲ್ಲಿ ಉಳಿದವಳು ನಾನೊಬ್ಬಳೇ. ನೀವು ನನ್ನ ಮಾತು ಕೇಳಿದರೆ ನಾನು ಹುಟ್ಟುವುದಿಲ್ಲ. ಅದಕ್ಕೆ ನನಗೆ ದುಃಖವಿಲ್ಲ. ಆದರೆ ನನ್ನ ಅವ್ವನೂ ಹುಟ್ಟುವುದಿಲ್ಲ, ಅವಳ ಹಾಡು, ಅವಳ ಬೈಗುಳ ಯಾವುದೂ ಇರುವುದಿಲ್ಲ. ಅದನ್ನು ನೆನೆದು ಈ ಕಾಗದವನ್ನು ಎಷ್ಟೋ ದಿನ ಬರೆಯದೇ ಇದ್ದೆ. ಕೊನೆಗೆ ಸಂಪದಾಳ ಫೋಟೋ ನೋಡಿದೆ. ಮುಂದಿನ ಎರಡು ಹಲ್ಲು ಬಿದ್ದ ಬಾಯಿ ತೆರೆದು ನಗುತ್ತಿದ್ದಳು.

ಜನರೇಟರನ್ನು ನಡುಬೀದಿಗೆ ಎಳೆದು ತನ್ನಿ. ಬಜಾರಿನ ಮಂದಿ ಹೊಟ್ಟೆ ಹುಣ್ಣಾಗುವಷ್ಟು ನಗಲಿ. ನೀವೂ ನಗಿರಿ. ಸಂಜೆ ನೀಲವ್ವ ನಿದ್ದೆಯಿಂದೆದ್ದು ಕೆಳಗಿಳಿದು ಬಂದಾಗ, ಇಂಥದ್ದೊಂದು ಕಾಗದ ಬಂದಿತ್ತೆಂದು ಅವಳಿಗೆ ಹೇಳಬೇಡಿ. ಯಾರು ಬರೆದರು ಎಂದು ಕೇಳುತ್ತಾಳೆ, ಆಗ ಹೇಳಲು ನಿಮ್ಮ ಬಳಿ ಯಾರ ಹೆಸರೂ ಇರುವುದಿಲ್ಲ.